ಮಾಂಸ ಮುಟ್ಟದ ಮಗುವಿಗೆ ಕಬ್ಬಿಣಾಂಶ ಮೈಗೆ ಹತ್ತಿಸುವುದು ಹೇಗೆ

ಮಟನ್ ತುಂಡನ್ನು ಬಾಯಲ್ಲಿಟ್ಟುಕೊಂಡು ರಸವೆಲ್ಲ ಹೀರಿ, ಉಳಿದ ನಾರಿನ ಉಂಡೆಯನ್ನು ನಿಮ್ಮ ಅಂಗೈಗೆ ಉಗುಳುವ ಒಂದೂವರೆ ವರ್ಷದ ಮಗು ಹಟಮಾರಿಯಲ್ಲ. ಅದಕ್ಕೆ ಅರೆಯುವ ಹಲ್ಲೇ ಸಾಲದು. ಮೊದಲ ಜೊತೆ ದವಡೆ ಹಲ್ಲು ವರ್ಷ ತುಂಬಿದ ಮೇಲೆ ಬರುತ್ತದೆ, ಎರಡನೆಯ ಜೊತೆ ಬರುವಷ್ಟರಲ್ಲಿ ಎರಡು ಎರಡೂವರೆ ವರ್ಷ ಆಗಿರುತ್ತದೆ. ಅಲ್ಲಿಯವರೆಗೆ ನಾರುನಾರಾದದ್ದನ್ನು ಕೊಟ್ಟರೆ ಉಗುಳುವುದೇ ಸರಿ. ಮನೆಯಲ್ಲಿ ಮಾಂಸವನ್ನೇ ಮಾಡದವರದ್ದು ಇನ್ನೊಂದು ದಾರಿ. ಇಬ್ಬರ ಲೆಕ್ಕವೂ ಕೊನೆಗೆ ಒಂದೇ: ಒಂದರಿಂದ ಮೂರು ವರ್ಷದ ಮಗುವಿಗೆ ದಿನಕ್ಕೆ 8 ಮಿಲಿಗ್ರಾಂ ಕಬ್ಬಿಣಾಂಶ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸು ಹೇಳುತ್ತದೆ, ಅಷ್ಟನ್ನು ಬೇಳೆ, ಕಾಳು, ಸೊಪ್ಪಿನಿಂದಲೇ ಹೊಂದಿಸಬೇಕು.

ಇದು ಯಾರದೋ ಮನೆಯ ಸಮಸ್ಯೆಯಲ್ಲ. ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ನೂರಕ್ಕೆ 65 ಮಕ್ಕಳಿಗೆ ರಕ್ತಹೀನತೆ ಕಂಡುಬಂದಿತ್ತು. ರಾಗಿ ಉಣ್ಣುವ, ಸೊಪ್ಪು ಸಾರು ಮಾಡುವ ನಾಡಿನಲ್ಲಿ ಹೀಗೇಕೆ ಎಂದರೆ, ತಟ್ಟೆಯಲ್ಲಿ ಇರುವುದು ಬೇರೆ, ಮೈಗೆ ಹತ್ತುವುದು ಬೇರೆ. ಮಾಂಸದಲ್ಲಿರುವ ಹೀಮ್ ಕಬ್ಬಿಣದಲ್ಲಿ ನೂರಕ್ಕೆ 15ರಿಂದ 35 ಪಾಲು ಮೈಗೆ ಸೇರುತ್ತದೆ. ಕಾಳು, ಸೊಪ್ಪು, ಧಾನ್ಯದ್ದು ಸಾಮಾನ್ಯವಾಗಿ ನೂರಕ್ಕೆ 10 ಪಾಲೂ ಸೇರುವುದಿಲ್ಲ, ಜೊತೆಗೆ ಹಾಲೋ ಟೀಯೋ ಇದ್ದರೆ ಅದೂ ಇಲ್ಲ. ಆದ್ದರಿಂದ ಏನು ತಿನ್ನಿಸಬೇಕು ಎನ್ನುವುದಕ್ಕಿಂತ ಯಾವುದರ ಜೊತೆ ತಿನ್ನಿಸಬೇಕು, ಯಾವುದನ್ನು ದೂರ ಇಡಬೇಕು ಎನ್ನುವುದರಲ್ಲೇ ಹೆಚ್ಚು ಗೆಲುವಿದೆ.

ಮೊದಲು ಹಾಲಿನ ಲೆಕ್ಕ

ಬಹಳಷ್ಟು ಮನೆಗಳಲ್ಲಿ ತೊಂದರೆ ಶುರುವಾಗುವುದು ಹಾಲಿನ ಬಾಟಲಿಯಿಂದ. ಊಟ ಮಾಡಲಿಲ್ಲ, ಹಾಲಾದರೂ ಕುಡಿಯಲಿ ಎಂದು ಕೊಡುತ್ತೇವೆ. ಹಾಲು ಕುಡಿದ ಹೊಟ್ಟೆಗೆ ಮುಂದಿನ ಊಟ ಬೇಡವಾಗುತ್ತದೆ, ಮತ್ತೆ ಹಾಲು. ಹೀಗೆ ದಿನಕ್ಕೆ 800 ಮಿಲಿ, ಒಂದು ಲೀಟರ್ ಕುಡಿಯುವ ಮಕ್ಕಳು ದುಂಡಗೆ ಇರುತ್ತಾರೆ, ಆದರೆ ಬಿಳಿಚಿಕೊಂಡಿರುತ್ತಾರೆ. ಒಂದು ಲೀಟರ್ ಹಸುವಿನ ಹಾಲಿನಲ್ಲಿ ಅರ್ಧ ಮಿಲಿಗ್ರಾಂ ಕಬ್ಬಿಣಾಂಶ ಸಿಗುವುದೂ ಕಷ್ಟ. ಸಾಲದ್ದಕ್ಕೆ ಹಾಲಿನ ಕ್ಯಾಲ್ಸಿಯಂ ಮತ್ತು ಕೇಸಿನ್ ಎಂಬ ಪ್ರೋಟೀನು ಊಟದಲ್ಲಿರುವ ಕಬ್ಬಿಣಾಂಶವನ್ನೂ ತಡೆಹಿಡಿಯುತ್ತವೆ.

ವರ್ಷ ದಾಟಿದ ಮಗುವಿಗೆ ಮೊಸರೂ ಸೇರಿ ದಿನಕ್ಕೆ 400ರಿಂದ 500 ಮಿಲಿ ಹಾಲು ಸಾಕು. ಹೆಚ್ಚು ಕುಡಿಯುವ ಮಗುವಿಗೆ ಒಂದೇ ದಿನ ನಿಲ್ಲಿಸಬೇಡಿ, ರಂಪ ಮಾಡಿ ನಿಮ್ಮನ್ನೇ ಸೋಲಿಸುತ್ತದೆ. ಮೂರು ದಿನಕ್ಕೊಮ್ಮೆ ಒಟ್ಟು ಅಳತೆಯಲ್ಲಿ 60 ಮಿಲಿ ಇಳಿಸುತ್ತ ಬನ್ನಿ, ಮೂರು ನಾಲ್ಕು ವಾರದಲ್ಲಿ ಸರಿಯಾದ ಮಟ್ಟಕ್ಕೆ ಬರುತ್ತದೆ. ಬಾಟಲಿ ಬಿಡಿಸಿ ಲೋಟಕ್ಕೆ ಬದಲಿಸಿದರೆ ಅರ್ಧ ಕೆಲಸ ಅಲ್ಲೇ ಆಯಿತು, ಲೋಟದಲ್ಲಿ ಯಾವ ಮಗುವೂ ಮಲಗಿಕೊಂಡು ಕಾಲು ಲೀಟರ್ ಕುಡಿಯುವುದಿಲ್ಲ. ಹಾಲಿಗೂ ಊಟಕ್ಕೂ ಒಂದೂವರೆ ಗಂಟೆಯಾದರೂ ಅಂತರವಿರಲಿ. ಮಲಗುವ ಮುಂಚಿನ ಹಾಲು ಇರಲಿ, ಬೆಳಗ್ಗೆ ಎದ್ದ ಕೂಡಲೇ ಕೊಡುವುದನ್ನು ಮೊದಲು ಕಡಿಮೆ ಮಾಡಿ, ಆಗ ತಿಂಡಿಗೆ ಹಸಿವಾಗುತ್ತದೆ. ಎದೆಹಾಲು ಕುಡಿಯುತ್ತಿದ್ದರೆ ಅದನ್ನು ಬಿಡಿಸಬೇಕಿಲ್ಲ, ಊಟ ಮೊದಲು, ಎದೆಹಾಲು ಆಮೇಲೆ ಎಂಬ ಕ್ರಮ ಸಾಕು.

ಟೀಯಲ್ಲಿ ಬಿಸ್ಕತ್ತು ಅದ್ದಿ ತಿನ್ನಿಸುವ ಅಭ್ಯಾಸವಿದ್ದರೆ ಇವತ್ತೇ ನಿಲ್ಲಿಸಿ. ಟೀಯ ಟ್ಯಾನಿನ್ ಕಬ್ಬಿಣಾಂಶವನ್ನು ಕಚ್ಚಿ ಹಿಡಿದು ಮಲದಲ್ಲಿ ಹೊರಗೆ ಸಾಗಿಸುತ್ತದೆ. ಅಜ್ಜಿ ತಾತ ಪ್ರೀತಿಯಿಂದ ಕೊಡುವ ಎರಡು ಗುಟುಕಿಗೂ ಇದೇ ಮಾತು.

ರಾಗಿಯ ನಿಜ ಸಂಗತಿ

ರಾಗಿ ಒಳ್ಳೆಯದು, ಆದರೆ ರಾಗಿಯೊಂದನ್ನೇ ನಂಬಬೇಡಿ. ನೂರು ಗ್ರಾಂ ರಾಗಿಯಲ್ಲಿ ಸುಮಾರು 4.6 ಮಿಲಿಗ್ರಾಂ ಕಬ್ಬಿಣಾಂಶವಿದೆ, ಮಗು ಒಂದು ಹೊತ್ತಿಗೆ ತಿನ್ನುವ ರಾಗಿ ಸರಿಗೆ ಹೋಗುವುದು 20 ಗ್ರಾಂ ಹಿಟ್ಟು. ಅಂದರೆ ಒಂದು ಮಿಲಿಗ್ರಾಂಗೂ ಕಡಿಮೆ. ರಾಗಿಯಲ್ಲೇ ಇರುವ ಫೈಟೇಟ್ ಎಂಬ ಸಂಯುಕ್ತ, ಸಿಪ್ಪೆಯ ಒಗರು, ಹೇರಳವಾದ ಕ್ಯಾಲ್ಸಿಯಂ ಮೂರೂ ಕಬ್ಬಿಣಾಂಶಕ್ಕೆ ಅಡ್ಡ. ಅದನ್ನೇ ಹಾಲಿನಲ್ಲಿ ಕಾಸಿ ಕೊಟ್ಟರೆ ಮೈಗೆ ಹತ್ತುವುದು ಇನ್ನೂ ಕಡಿಮೆ. ಸರಿಯನ್ನು ನೀರಿನಲ್ಲೇ ಕಾಸಬೇಕು, ಮೊಳಕೆ ಕಟ್ಟಿದ ರಾಗಿಯಲ್ಲೇ ಮಾಡಬೇಕು.

ಮೊಳಕೆ ಬರಿಸುವುದರಿಂದ ಕಾಳಿನೊಳಗಿನ ಫೈಟೇಸ್ ಎಂಬ ಕಿಣ್ವ ಎಚ್ಚೆತ್ತು ಫೈಟೇಟನ್ನು ಒಡೆಯುತ್ತದೆ. ಅರ್ಧ ಕಿಲೋ ರಾಗಿಯನ್ನು ಕಲ್ಲು, ಹೊಟ್ಟು ತೆಗೆದು ನಾಲ್ಕೈದು ನೀರಿನಲ್ಲಿ ತೊಳೆದು ರಾತ್ರಿ ನೆನೆಹಾಕಿ. ಬೆಳಗ್ಗೆ ಆ ನೀರನ್ನು ಚೆಲ್ಲಿ, ಇನ್ನೊಮ್ಮೆ ತೊಳೆದು, ಜರಡಿಯಲ್ಲಿ ಅರ್ಧ ಗಂಟೆ ಪೂರ್ತಿ ಬಸಿಯಲು ಬಿಡಿ. ಆಮೇಲೆ ಹಳೆಯ ಪಂಚೆಯಂಥ ಹತ್ತಿಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ, ಬೆಚ್ಚಗಿನ ಮೂಲೆಯಲ್ಲಿ ಬುಟ್ಟಿಯೊಳಗಿಡಿ. ಬೇಸಿಗೆಯಲ್ಲಿ 24 ಗಂಟೆಗೆ, ಬೆಂಗಳೂರಿನ ಡಿಸೆಂಬರಿನಲ್ಲಾದರೆ ಎರಡು ದಿನಕ್ಕೆ ಬಿಳಿ ಮೊಳಕೆ ಬಟ್ಟೆಯ ಎಳೆಗಳ ಸಂದಿಯಿಂದ ಇಣುಕುತ್ತದೆ. ಮೊಳಕೆ ಕಾಳಿನಷ್ಟೇ ಉದ್ದ ಬಂದರೆ ಸಾಕು. ಗಂಟು ಬಿಚ್ಚಿದಾಗ ಒದ್ದೆ ಮಣ್ಣಿನ ಹಿತವಾದ ವಾಸನೆ ಬರಬೇಕು. ಹುಳಿ ವಾಸನೆಯೋ ಲೋಳೆಯೋ ಇದ್ದರೆ ನೀರು ಸರಿಯಾಗಿ ಬಸಿದಿರಲಿಲ್ಲ, ಅದನ್ನು ತೊಳೆದು ಉಳಿಸಿಕೊಳ್ಳಲು ಹೋಗದೆ ಗಿಡದ ಬುಡಕ್ಕೆ ಹಾಕಿ.

ನೆರಳಿನಲ್ಲಿ ತೆಳ್ಳಗೆ ಹರಡಿ ಒಂದೆರಡು ದಿನ ಒಣಗಿಸಿ. ಒಂದು ಕಾಳನ್ನು ಹಲ್ಲಿನಲ್ಲಿ ಕಚ್ಚಿದರೆ ಟಕ್ಕೆಂದು ಒಡೆಯಬೇಕು, ಮೆತ್ತಗೆ ಅಪ್ಪಚ್ಚಿಯಾದರೆ ಇನ್ನೂ ಪಸೆಯಿದೆ ಎಂದರ್ಥ, ಆ ಹಿಟ್ಟು ಹದಿನೈದು ದಿನದಲ್ಲಿ ಮುಗ್ಗಲು ಹಿಡಿಯುತ್ತದೆ. ಅಂಗೈಯಲ್ಲಿ ಉಜ್ಜಿ ಬೇರು ಉದುರಿಸಿ, ಸಣ್ಣ ಉರಿಯಲ್ಲಿ ಘಮ ಬರುವವರೆಗೆ ಮಾತ್ರ ಹುರಿದು, ಆರಿದ ಮೇಲೆ ಬೀಸಿಸಿ. ಹಿಟ್ಟನ್ನು ಬಟ್ಟೆಯಲ್ಲಿ ಸೋಸುವ ಅಭ್ಯಾಸವಿದ್ದರೆ ಬಿಡಿ, ಸಾಮಾನ್ಯ ಜರಡಿ ಸಾಕು. ತೀರ ನಯವಾಗಿ ಸೋಸಿದರೆ ಕಬ್ಬಿಣಾಂಶವೂ ಹೊಟ್ಟಿನ ಜೊತೆ ಹೋಗುತ್ತದೆ.

ಸರಿ ಕಾಸಲು ಎರಡು ದೊಡ್ಡ ಚಮಚ ಹಿಟ್ಟನ್ನು ಅರ್ಧ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಕುದಿಯುತ್ತಿರುವ ಒಂದು ಲೋಟ ನೀರಿಗೆ ಸುರಿದು, ಕೈಬಿಡದೆ ಏಳೆಂಟು ನಿಮಿಷ ತಿರುವಿ. ಒಣ ಹಿಟ್ಟನ್ನು ನೇರ ಬಿಸಿನೀರಿಗೆ ಹಾಕಿದರೆ ಹೊರಗೆ ಬೆಂದು ಒಳಗೆ ಹಸಿಯಾದ ಗಂಟುಗಳಾಗುತ್ತವೆ, ಮಗುವಿನ ನಾಲಿಗೆಗೆ ಒಂದು ಗಂಟು ಸಿಕ್ಕರೂ ಆ ದಿನದ ಸರಿ ಅಲ್ಲಿಗೆ ಮುಗಿಯಿತು. ಒಂದು ಚಮಚ ತುಪ್ಪ, ಚೂರು ಬೆಲ್ಲ ಹಾಕಿ. ಹಾಲಿನ ಸರಿಗೆ ಒಗ್ಗಿದ ಮಗುವಾದರೆ ಹಾಲಿನ ಪಾಲನ್ನು ಹತ್ತು ದಿನದಲ್ಲಿ ಸ್ವಲ್ಪಸ್ವಲ್ಪವೇ ನೀರಿಗೆ ಬದಲಿಸಿ, ರುಚಿ ಬದಲಾದದ್ದು ಅದಕ್ಕೆ ಗೊತ್ತಾಗುವುದಿಲ್ಲ.

ಯಾವುದರಲ್ಲಿ ನಿಜವಾಗಿಯೂ ಇದೆ

ಭಾರತೀಯ ಆಹಾರಗಳ 2017ರ ಪೋಷಕಾಂಶ ಪಟ್ಟಿಯ ಪ್ರಕಾರ ನೂರು ಗ್ರಾಂ ಲೆಕ್ಕದಲ್ಲಿ ಹುರುಳಿಯಲ್ಲಿ ಸುಮಾರು 8.8 ಮಿಲಿಗ್ರಾಂ, ಚನ್ನಂಗಿ ಬೇಳೆಯಲ್ಲಿ 7, ಕಡಲೆಯಲ್ಲಿ 6.8, ಅಲಸಂದೆಯಲ್ಲಿ 5, ಹೆಸರುಕಾಳಿನಲ್ಲಿ 4.9, ತೊಗರಿಬೇಳೆಯಲ್ಲಿ 3.9 ಇದೆ. ಎಳ್ಳಿನಲ್ಲಿ 14ರ ಆಸುಪಾಸು. ಸೊಪ್ಪಿನಲ್ಲಿ ಕೆಂಪು ಹರಿವೆ 7ರ ಮೇಲೆ, ಮೆಂತ್ಯ ಸೊಪ್ಪು 5.7, ನುಗ್ಗೆಸೊಪ್ಪು 4.6. ಎಲ್ಲರೂ ಹೊಗಳುವ ಪಾಲಕ್ 3ರಷ್ಟೇ. ಪಾಲಕ್ ತಿನ್ನಿಸಬಾರದೆಂದಲ್ಲ, ಹರಿವೆ ಸಿಗುವ ಸಂತೆಯಲ್ಲಿ ಪಾಲಕ್ ಹುಡುಕಿ ಹೋಗಬೇಕಿಲ್ಲ.

ಬೀಟ್‌ರೂಟ್, ದಾಳಿಂಬೆ ರಕ್ತದ ಬಣ್ಣದವು, ಅಷ್ಟೇ. ಎರಡರಲ್ಲೂ ನೂರು ಗ್ರಾಂಗೆ ಒಂದು ಮಿಲಿಗ್ರಾಂ ಕೂಡ ಇಲ್ಲ. ಬೆಲ್ಲ, ಖರ್ಜೂರದಲ್ಲಿ ಇದೆ ನಿಜ, ಆದರೆ ಮಗುವಿಗೆ ಕೊಡಬಹುದಾದ ಹತ್ತು ಗ್ರಾಂನಲ್ಲಿ ಅರ್ಧ ಮಿಲಿಗ್ರಾಂ ಬರುತ್ತದೆ. ಅದಕ್ಕಾಗಿ ಬೆಲ್ಲ ಹೆಚ್ಚಿಸಿದರೆ ಹಲ್ಲು ಹುಳುಕಾಗುವುದೇ ಲಾಭ.

ಹುರುಳಿಯನ್ನು ರಾಗಿಯಂತೆಯೇ ನೆನೆಸಿ, ನೆನೆದ ನೀರು ಚೆಲ್ಲಿ, ಮೊಳಕೆ ಬರಿಸಿ, ಕುಕ್ಕರಿನಲ್ಲಿ ನಾಲ್ಕೈದು ಕೂಗು ಬೇಯಿಸಿ, ಮಸೆದು, ಜರಡಿಯಲ್ಲಿ ಉಜ್ಜಿ ಸಿಪ್ಪೆ ತೆಗೆಯಿರಿ. ಸಿಪ್ಪೆಯಲ್ಲೇ ಒಗರು ಹೆಚ್ಚು, ಮಗುವಿನ ಗಂಟಲಿಗೆ ಅಂಟುವುದೂ ಅದೇ. ಈ ಗಟ್ಟಿ ತಿಳಿಗೆ ಜೀರಿಗೆ, ಬೆಳ್ಳುಳ್ಳಿ ಒಗ್ಗರಣೆ ಹಾಕಿ ಮೆತ್ತನೆಯ ಅನ್ನಕ್ಕೋ ಸಣ್ಣ ಮುದ್ದೆಗೋ ಕಲಸಿ. ದೋಸೆಗೆ ಬಂದರೆ, ಉದ್ದಿನ ಜೊತೆ ಹುಳಿ ಬಂದ ಹಿಟ್ಟಿನಲ್ಲೂ ಫೈಟೇಟ್ ಕಡಿಮೆಯಾಗಿರುತ್ತದೆ. ಅರ್ಧ ಅಕ್ಕಿ ತೆಗೆದು ಆ ಜಾಗಕ್ಕೆ ಹೆಸರುಕಾಳೋ ಚನ್ನಂಗಿ ಬೇಳೆಯೋ ಹಾಕಿ ರುಬ್ಬಿದರೆ ದೋಸೆ ಇನ್ನೂ ಮೆತ್ತಗೇ ಬರುತ್ತದೆ.

ಎಳ್ಳು ಹುರಿಗಡಲೆ ಉಂಡೆಗೆ 100 ಗ್ರಾಂ ಹುರಿಗಡಲೆ, 25 ಗ್ರಾಂ ಹುರಿದ ಕರಿ ಎಳ್ಳು, 60 ಗ್ರಾಂ ಬೆಲ್ಲ, ಕಟ್ಟಲು ತುಪ್ಪ. ಕಡಲೆ, ಎಳ್ಳು ಎರಡನ್ನೂ ಪೂರ್ತಿ ಪುಡಿ ಮಾಡಿ, ಇಡೀ ಎಳ್ಳು ಜಗಿಯದೆ ಹಾಗೇ ಹೊರಬರುತ್ತದೆ. 15 ಉಂಡೆ ಕಟ್ಟಿದರೆ ಒಂದರಲ್ಲಿ ಮುಕ್ಕಾಲು ಮಿಲಿಗ್ರಾಂ ಚಿಲ್ಲರೆ. ಗಟ್ಟಿ ಉಂಡೆಯನ್ನು ಕೈಗೆ ಕೊಡದೆ ಪುಡಿಮಾಡಿ, ಎದುರಿಗೆ ಕೂತು ತಿನ್ನಿಸಿ. ಇಡೀ ಕಡಲೆಬೀಜ, ಇಡೀ ಕಡಲೆಕಾಳನ್ನು ಈ ವಯಸ್ಸಿನ ಮಕ್ಕಳ ಕೈಗೆ ಎಂದೂ ಕೊಡಬೇಡಿ, ಶ್ವಾಸನಾಳಕ್ಕೆ ಜಾರುವುದು ಹೆಚ್ಚಾಗಿ ಇಂಥವೇ.

ಹುಳಿ, ಹಣ್ಣು, ಕಬ್ಬಿಣದ ಬಾಣಲೆ

ಕಾಳು ಸೊಪ್ಪಿನ ಕಬ್ಬಿಣಾಂಶವನ್ನು ಮೈಗೆ ಹತ್ತಿಸುವ ಬೀಗದ ಕೈ ವಿಟಮಿನ್ ಸಿ. ಅದೇ ಊಟದಲ್ಲಿ ಇದ್ದರೆ ಎರಡು ಮೂರು ಪಟ್ಟು ಹೆಚ್ಚು ಸೇರುತ್ತದೆ, ಸಂಜೆ ಬೇರೆಯಾಗಿ ಕೊಟ್ಟ ಹಣ್ಣಿನಿಂದ ಈ ಲಾಭವಿಲ್ಲ. ನಾಲ್ಕು ಹನಿ ನಿಂಬೆರಸ ಹಿಂಡಿದರೆ ಆಯಿತು ಎಂದುಕೊಳ್ಳುವವರು ಬಹಳ. ಒಂದು ಸಣ್ಣ ಚಮಚ ನಿಂಬೆರಸದಲ್ಲಿ ಎರಡು ಮೂರು ಮಿಲಿಗ್ರಾಂ ಮಾತ್ರ ವಿಟಮಿನ್ ಸಿ ಇರುತ್ತದೆ, ಬೇಕಿರುವುದು ಒಂದು ಊಟಕ್ಕೆ 25 ಮಿಲಿಗ್ರಾಂ ಆದರೂ. ಕಾಲು ಸೀಬೆಹಣ್ಣು, ಅಂದರೆ ಉತ್ತರ ಕರ್ನಾಟಕದವರ ಪೇರಲ, ಸುಮಾರು 60 ಮಿಲಿಗ್ರಾಂ ಕೊಡುತ್ತದೆ. ಬೀಜದ ಭಾಗ ಕೆರೆದು ತೆಗೆದು, ಉಳಿದ ತಿರುಳನ್ನು ತೆಳ್ಳಗೆ ಹೆಚ್ಚಿಯೋ ಚಮಚದಲ್ಲಿ ಕೆರೆದೋ ಕೊಡಿ. ಸೀಬೆ ಸಿಗದ ಕಾಲದಲ್ಲಿ ಅರ್ಧ ಕಿತ್ತಳೆ, ಒಂದು ಹೋಳು ಪರಂಗಿ, ಕಾಲು ಬೆಟ್ಟದ ನೆಲ್ಲಿ ತುರಿದು ಅನ್ನಕ್ಕೆ. ವಿಟಮಿನ್ ಸಿ ಬಿಸಿಗೆ ಕರಗಿಹೋಗುವುದರಿಂದ ನಿಂಬೆ, ನೆಲ್ಲಿ ಎರಡನ್ನೂ ಒಲೆಯಿಂದ ಇಳಿಸಿದ ಮೇಲೆಯೇ ಸೇರಿಸಿ.

ಬಾಣಲೆ ಬದಲಿಸುವುದು ಎಲ್ಲಕ್ಕಿಂತ ಸುಲಭದ ಕೆಲಸ. ಲೇಪನವಿಲ್ಲದ ಕಬ್ಬಿಣದ ಬಾಣಲೆಯಲ್ಲಿ ಹುಳಿಯಿರುವ ಅಡುಗೆ ಮಾಡಿದರೆ ಕಬ್ಬಿಣ ಅಡುಗೆಗೆ ಇಳಿಯುತ್ತದೆ. ನಾನ್‌ಸ್ಟಿಕ್, ಎನಾಮಲ್ ಪಾತ್ರೆಗಳಿಂದ ಇದು ಆಗದು. ಎರಡು ಟೊಮೆಟೊ ಸಣ್ಣಗೆ ಹೆಚ್ಚಿ ಎಣ್ಣೆ ಹಾಕಿದ ಬಾಣಲೆಯಲ್ಲಿ ಕರಗುವವರೆಗೆ ಬಾಡಿಸಿ, ಮೇಲೆ ಒಂದು ಹಿಡಿ ಕೆಂಪು ಹರಿವೆ. ದಂಟು ಬೇಡ, ಎಲೆಯನ್ನಷ್ಟೇ ತೀರ ಸಣ್ಣಗೆ ಹೆಚ್ಚಿರಿ. ಉದ್ದ ಎಲೆ ಬೆಂದು ದಾರದಂತಾಗಿ ಅಂಗುಳಕ್ಕೆ ಅಂಟಿದರೆ ಮಗು ಓಕರಿಸುತ್ತದೆ, ಆಮೇಲೆ ಹಸಿರು ಕಂಡರೆ ಬಾಯಿ ಮುಚ್ಚುತ್ತದೆ. ಎಲೆ ಬಿಟ್ಟ ಕೆಂಪು ನೀರೆಲ್ಲ ಇಂಗುವವರೆಗೆ ಹತ್ತು ನಿಮಿಷ, ಆಮೇಲೆ ಬೆಂದ ಬೇಳೆ ಸೇರಿಸಿ ಸೌಟಿನ ಬೆನ್ನಿನಿಂದ ಮಸೆದು ಐದು ನಿಮಿಷ. ಕೂಡಲೇ ಸ್ಟೀಲ್ ಪಾತ್ರೆಗೆ ಬಗ್ಗಿಸಿ. ಬಾಣಲೆಯಲ್ಲೇ ಬಿಟ್ಟರೆ ಕಬ್ಬಿಣದ ಕಟು ರುಚಿ ಬಂದು ಬಣ್ಣ ಕಪ್ಪಾಗುತ್ತದೆ. ಹುಣಸೆ ಹಾಕಿದರೆ ಇನ್ನೂ ಬೇಗ ಕಪ್ಪಾಗುವುದರಿಂದ ಮಗುವಿನ ಅಡುಗೆಗೆ ಟೊಮೆಟೊ ಹುಳಿಯೇ ವಾಸಿ. ತೊಳೆದ ಬಾಣಲೆಯನ್ನು ಒಲೆಯ ಮೇಲೆ ಒಣಗಿಸಿ ಎಣ್ಣೆ ಸವರಿಡಿ, ತುಕ್ಕು ಹಿಡಿದದ್ದನ್ನು ಉಜ್ಜದೆ ಬಳಸಬೇಡಿ.

ಹೀಗೊಂದು ದಿನ ಜೋಡಿಸಿ ನೋಡಿ. ಬೆಳಗ್ಗೆ ನೀರಿನಲ್ಲಿ ಕಾಸಿದ ಮೊಳಕೆ ರಾಗಿ ಸರಿ, ಕಾಲು ಸೀಬೆ: 1 ಮಿಲಿಗ್ರಾಂ. ಮಧ್ಯಾಹ್ನ ಅನ್ನ, 15 ಗ್ರಾಂ ತೊಗರಿಬೇಳೆ ಮತ್ತು 30 ಗ್ರಾಂ ಕೆಂಪು ಹರಿವೆಯ ಮಸ್ಸೊಪ್ಪು, ಅರ್ಧ ಕಿತ್ತಳೆ: ಸುಮಾರು 3. ಸಂಜೆ ಎರಡು ಎಳ್ಳುಂಡೆ: ಒಂದೂವರೆ. ರಾತ್ರಿ 25 ಗ್ರಾಂ ಹೆಸರುಕಾಳಿನ ದೋಸೆ, ಟೊಮೆಟೊ ಗೊಜ್ಜು: ಒಂದೂಕಾಲು. ಒಟ್ಟು 7ರ ಹತ್ತಿರ, ಬಾಣಲೆಯದ್ದು ಬೇರೆ. ಇದೆಲ್ಲವನ್ನೂ ಪ್ರತಿದಿನ ತಿನ್ನುವ ಮಗು ಅಪರೂಪ, ವಾರದ ಸರಾಸರಿ ನೋಡಿಕೊಳ್ಳಿ.

ಉಗುಳುವ ಮಗುವಿಗೆ

ವರ್ಷ ದಾಟಿದ ಮೇಲೆ ಬೆಳವಣಿಗೆಯ ವೇಗ ತಗ್ಗುವುದರಿಂದ ಹಸಿವೂ ತಗ್ಗುತ್ತದೆ, ಅದು ಕಾಯಿಲೆಯಲ್ಲ. ಹೊಸ ರುಚಿಯನ್ನು ಒಪ್ಪಲು ಹತ್ತು ಹದಿನೈದು ಸಲ ಬೇಕಾಗುತ್ತದೆ. ಮೂರು ಸಲ ಉಗುಳಿತೆಂದು ಹುರುಳಿಯನ್ನು ಕೈಬಿಡಬೇಡಿ. ಇಷ್ಟವಾದ ಒಂದರ ಪಕ್ಕ ಹೊಸದನ್ನು ಒಂದೇ ಚಮಚ ಇಟ್ಟು, ನೀವೂ ಅದನ್ನೇ ತಿನ್ನಿ. ಕೈಕಾಲು ಹಿಡಿದು ತುರುಕಿದರೆ ಅವತ್ತಿನ ಎರಡು ತುತ್ತು ಒಳಗೆ ಹೋಗಬಹುದು, ತಿಂಗಳಿಡೀ ಊಟವೆಂದರೆ ಅಳು.

ಮಾಂಸ ತಿನ್ನುವ ಮನೆಯಾದರೆ ಆಸೆ ಬಿಡಬೇಡಿ. ಖೀಮಾವನ್ನು ಕುಕ್ಕರಿನಲ್ಲಿ ಚೆನ್ನಾಗಿ ಬೇಯಿಸಿ, ಮಿಕ್ಸಿಯಲ್ಲಿ ಒಂದು ಸುತ್ತು ತಿರುಗಿಸಿ, ಎರಡು ಚಮಚವನ್ನು ಬೇಳೆಗೆ ಕಲಸಿ. ಅಷ್ಟೇ ಮಾಂಸ ಬೇಳೆಯ ಕಬ್ಬಿಣಾಂಶವನ್ನೂ ಮೈಗೆ ಹತ್ತಿಸುತ್ತದೆ, ಮೀನಿಗೂ ಈ ಗುಣವಿದೆ, ಮುಳ್ಳನ್ನು ಬೆರಳಿನಿಂದ ತಡವಿ ನೋಡಿ ತೆಗೆಯಿರಿ. ಕೋಳಿಯ ಈಲಿ (ಲಿವರ್) ವಾರಕ್ಕೊಮ್ಮೆ, ಒಂದೆರಡು ಚಮಚ, ಬೆಣ್ಣೆಯಂತೆ ಅರೆದು. ಹೆಚ್ಚು ಬೇಡ, ವಿಟಮಿನ್ ಎ ಮಿತಿಮೀರುತ್ತದೆ. ಕಾಲು ಸೂಪಿನ ಮೇಲೆ ಭರವಸೆ ಇಡಬೇಡಿ, ಸಾರ ನೀರಿಗಿಳಿಯುತ್ತದೆ ಎಂಬುದು ಕಬ್ಬಿಣಾಂಶದ ಮಟ್ಟಿಗೆ ನಿಜವಲ್ಲ. ಮೊಟ್ಟೆ ಒಳ್ಳೆಯ ಆಹಾರ, ಆದರೆ ಅದರ ಹಳದಿಯಲ್ಲಿರುವ ಒಂದು ಪ್ರೋಟೀನು ಕಬ್ಬಿಣಾಂಶವನ್ನು ಹಿಡಿದಿಡುತ್ತದೆ, ಕಬ್ಬಿಣಾಂಶದ ಲೆಕ್ಕಕ್ಕೆ ಅದನ್ನು ನೆಚ್ಚಿಕೊಳ್ಳಬೇಡಿ.

ಸಿರಪ್ಪು, ಹುಳದ ಮಾತ್ರೆ, ರಕ್ತಪರೀಕ್ಷೆ

ಊಟ ಎಷ್ಟೇ ಸರಿಮಾಡಿದರೂ ಈಗಾಗಲೇ ರಕ್ತಹೀನತೆ ಇರುವ ಮಗುವಿಗೆ ಊಟವೊಂದೇ ಸಾಲದು. ಕಣ್ಣಿನ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದಾಗ ಒಳಗೆ ಬಿಳಿಚಿದ್ದರೆ, ಅಂಗೈ ನಿಮ್ಮ ಅಂಗೈಗಿಂತ ಬೆಳ್ಳಗಿದ್ದರೆ, ಮಣ್ಣು, ಗೋಡೆಯ ಸುಣ್ಣ, ಬಳಪ ತಿನ್ನುತ್ತಿದ್ದರೆ, ಅಳುತ್ತ ಅಳುತ್ತ ಉಸಿರು ಕಟ್ಟಿ ನೀಲಿಯಾಗುತ್ತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ ಹಿಮೋಗ್ಲೋಬಿನ್, ಮೈಯಲ್ಲಿ ಕೂಡಿಟ್ಟ ಕಬ್ಬಿಣಾಂಶವನ್ನು ತೋರಿಸುವ ಫೆರಿಟಿನ್ ನೋಡಿಸಿ. ಜ್ವರ ನೆಗಡಿ ಇದ್ದಾಗ ಫೆರಿಟಿನ್ ಸುಳ್ಳೇ ಏರಿರುತ್ತದೆ, ವಾಸಿಯಾದ ಮೇಲೆ ಪರೀಕ್ಷಿಸುವುದು ಸರಿ.

ಆರೋಗ್ಯವಾಗಿರುವ ಮಗುವಿಗೂ ಆರು ತಿಂಗಳಿಂದ ಐದು ವರ್ಷದವರೆಗೆ ವಾರಕ್ಕೆರಡು ಸಲ 1 ಮಿಲಿ ಕಬ್ಬಿಣಾಂಶದ ಸಿರಪ್ಪು ಕೊಡುವ ವ್ಯವಸ್ಥೆ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿದೆ. ಆ ಒಂದು ಮಿಲಿಯಲ್ಲಿ 20 ಮಿಲಿಗ್ರಾಂ ಕಬ್ಬಿಣಾಂಶ, 100 ಮೈಕ್ರೋಗ್ರಾಂ ಫೋಲಿಕ್ ಆಮ್ಲ. ಆಶಾ ಕಾರ್ಯಕರ್ತೆಯನ್ನೋ ಅಂಗನವಾಡಿಯಲ್ಲೋ ಕೇಳಿ ಪಡೆಯಿರಿ. ಜ್ವರ, ಭೇದಿ ಇರುವಾಗ ನಿಲ್ಲಿಸಿ, ಥಲಸ್ಸೀಮಿಯಾ ಎಂಬ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇರುವ ಮಗುವಿಗೆ ಕೊಡಲೇಬಾರದು. ಹುಳದ ಮಾತ್ರೆ ಅಲ್ಬೆಂಡಜೋಲ್ ವರ್ಷಕ್ಕೆರಡು ಸಲ: ಒಂದರಿಂದ ಎರಡು ವರ್ಷಕ್ಕೆ 200 ಮಿಲಿಗ್ರಾಂ, ಅಂದರೆ ಅರ್ಧ ಮಾತ್ರೆ, ಎರಡು ದಾಟಿದ ಮೇಲೆ ಇಡೀ 400. ಪುಡಿಮಾಡಿ ನೀರಿನಲ್ಲಿ ಕಲಸಿ ಕೊಡಬೇಕು, ಇಡಿಯಾಗಿ ನುಂಗಿಸಲು ಹೋಗಬೇಡಿ. ಫೆಬ್ರವರಿ ಮತ್ತು ಆಗಸ್ಟ್ ತಿಂಗಳ ಜಂತುಹುಳು ನಿವಾರಣಾ ದಿನಗಳಲ್ಲಿ ಅಂಗನವಾಡಿಯಲ್ಲೇ ಕೊಡುತ್ತಾರೆ.

ವೈದ್ಯರು ಚಿಕಿತ್ಸೆಗೆ ಬರೆಯುವುದು ಬೇರೆ ಅಳತೆ, ಸಾಮಾನ್ಯವಾಗಿ ತೂಕದ ಪ್ರತಿ ಕಿಲೋಗೆ ದಿನಕ್ಕೆ 3 ಮಿಲಿಗ್ರಾಂ. ಹತ್ತು ಕಿಲೋ ಮಗುವಿಗೆ 30. ಇಲ್ಲಿ ಆಗುವ ದೊಡ್ಡ ತಪ್ಪೆಂದರೆ ಡ್ರಾಪ್ಸ್ ಮತ್ತು ಸಿರಪ್ಪನ್ನು ಒಂದೇ ಎಂದುಕೊಳ್ಳುವುದು. ಡ್ರಾಪ್ಸ್ ಒಂದು ಮಿಲಿಯಲ್ಲಿ ಇರುವಷ್ಟು ಕಬ್ಬಿಣಾಂಶಕ್ಕೆ ಸಿರಪ್ಪು ನಾಲ್ಕೈದು ಮಿಲಿ ಬೇಕಾಗಬಹುದು. ಅಂಗಡಿಯವರು ಬದಲಿ ಕೊಟ್ಟರೆ ಲೇಬಲ್ಲಿನಲ್ಲಿ ಒಂದು ಮಿಲಿಗೆ ಧಾತುರೂಪದ ಕಬ್ಬಿಣ (elemental iron) ಎಷ್ಟು ಎಂದು ಓದಿ, ವೈದ್ಯರಿಗೆ ಫೋನ್ ಮಾಡಿ ಅಳತೆ ಕೇಳಿಕೊಳ್ಳಿ. ಹಾಲಿನ ಜೊತೆ ಕೊಡಬೇಡಿ. ಸೂಜಿಯಿಲ್ಲದ ಸಿರಿಂಜಿನಲ್ಲಿ ಕೆನ್ನೆಯ ಒಳಬದಿಗೆ ಹಿಂದೆ ಬಿಟ್ಟು, ಮೇಲೆ ಎರಡು ಗುಟುಕು ನೀರು ಕುಡಿಸಿದರೆ ಹಲ್ಲಿಗೆ ಕಪ್ಪು ಹಿಡಿಯುವುದಿಲ್ಲ. ಹಿಡಿದರೂ ಅದು ಹುಳುಕಲ್ಲ, ಉಜ್ಜಿದರೆ ಹೋಗುತ್ತದೆ. ಮಲ ಕಪ್ಪಾಗುವುದು ಸಹಜ. ಮಲಬದ್ಧತೆಯಾದರೆ ಔಷಧಿ ನಿಲ್ಲಿಸುವ ಬದಲು ಪರಂಗಿ, ನೀರು ಹೆಚ್ಚಿಸಿ.

ಸಿಹಿಯಾದ ಈ ಬಾಟಲಿಯನ್ನು, ಮನೆಯಲ್ಲಿ ಗರ್ಭಿಣಿಯರಿದ್ದರೆ ಅವರ ಕಬ್ಬಿಣಾಂಶದ ಮಾತ್ರೆಗಳನ್ನು, ಕುರ್ಚಿ ಹತ್ತಿದರೂ ಎಟುಕದ ಕಡೆ ಬೀಗ ಹಾಕಿಡಿ. ಹೆಚ್ಚು ಕುಡಿದರೆ ಕಬ್ಬಿಣಾಂಶ ವಿಷ. ವಾಂತಿ ಭೇದಿಯಾಗಿ ಕೆಲವು ಗಂಟೆಗಳ ನಂತರ ಮಗು ಚೇತರಿಸಿಕೊಂಡಂತೆ ಕಾಣುತ್ತದೆ, ಯಕೃತ್ತಿಗೆ ಪೆಟ್ಟು ಬೀಳುವುದು ಆಮೇಲೆ. ಕುಡಿದಿರಬಹುದು ಎಂಬ ಅನುಮಾನ ಬಂದರೂ ಬಾಟಲಿ ಸಮೇತ ಕೂಡಲೇ ಆಸ್ಪತ್ರೆಗೆ ಓಡಿ.

ಚಿಕಿತ್ಸೆ ಸರಿಯಾಗಿ ನಡೆದರೆ ಒಂದು ತಿಂಗಳಲ್ಲಿ ಹಿಮೋಗ್ಲೋಬಿನ್ 100 ಮಿಲಿ ರಕ್ತಕ್ಕೆ ಸುಮಾರು ಒಂದು ಗ್ರಾಂ ಏರುತ್ತದೆ. 11 ಗ್ರಾಂ ದಾಟಿತೆಂದು ಔಷಧಿ ಬಿಟ್ಟುಬಿಡುವವರ ಮಕ್ಕಳು ಆರು ತಿಂಗಳಲ್ಲಿ ಮತ್ತೆ ಬಿಳಿಚಿಕೊಳ್ಳುತ್ತಾರೆ, ಏಕೆಂದರೆ ರಕ್ತ ತುಂಬಿದ್ದರೂ ಉಗ್ರಾಣ ತುಂಬಿರುವುದಿಲ್ಲ. ವೈದ್ಯರು ಹೇಳಿದಂತೆ ಇನ್ನೂ ಎರಡು ಮೂರು ತಿಂಗಳು ಮುಂದುವರಿಸಿ. ತಿಂಗಳಾದರೂ ಏರದಿದ್ದರೆ ಮೊದಲು ಅಳತೆ, ಹಾಲು, ಎಷ್ಟು ದಿನ ತಪ್ಪಿತು ಎಂಬುದನ್ನು ನೋಡಿ. ಅದೆಲ್ಲ ಸರಿಯಿದ್ದೂ ಏರುತ್ತಿಲ್ಲವೆಂದರೆ ಥಲಸ್ಸೀಮಿಯಾ ಅಂಶವಿದೆಯೇ, ಕರುಳಿನಲ್ಲಿ ರಕ್ತ ಸೋರುತ್ತಿದೆಯೇ ಎಂದು ಪರೀಕ್ಷಿಸಬೇಕಾಗುತ್ತದೆ. ಅಲ್ಲಿಯವರೆಗೆ ಅಳತೆಯನ್ನು ನೀವಾಗಿಯೇ ಹೆಚ್ಚಿಸಬೇಡಿ.